ಹಾಲು ಚೆಲ್ಲಿದ ವಾರ

ಮೇ ೭, ೧೯೩೩. ಭಾನುವಾರ

ಹಸುಗಳನ್ನು ಹುಲ್ಲಿಗೆ ಬಿಟ್ಟು ಇವತ್ತಿಗೆ ಆರು ದಿನ. ಚಳಿಗಾಲವೆಲ್ಲ ಒಣಹುಲ್ಲು ತಿಂದು ಮೂಳೆ ಬಿಟ್ಟುಕೊಂಡಿದ್ದ ಜೀವಗಳು ಈಗ ಕೆಚ್ಚಲು ತುಂಬಿಕೊಂಡು, ಹಿಂಗಾಲು ಅಗಲಿಸಿ ನಡೆಯುತ್ತ ಕೊಟ್ಟಿಗೆಗೆ ಬರುತ್ತವೆ. ಡಾಗ್ರೋಸ್ ಅಂತೂ ಬಾಗಿಲಲ್ಲೇ ಸೋರಿಸಿಕೊಂಡು ನಿಲ್ಲುತ್ತಾಳೆ. ಹದಿನಾಲ್ಕು ಹಸು, ದಿನಕ್ಕೆ ಐದು ಕ್ಯಾನು ಹಾಲು. ಕರೆದು ಕರೆದು ನನ್ನ ಮಣಿಕಟ್ಟು ಊದಿದೆ. ಆದರೂ ಮೇ ತಿಂಗಳ ಹಾಲಿನ ಹಳದಿ ಕೆನೆ ನೋಡಿದರೆ ನೋವು ಮರೆತುಹೋಗುತ್ತದೆ.

ನನ್ನ ಗಂಡ ಟೋರ್ಕೆಲ್ ಕಾಲು ಮುರಿದುಕೊಂಡು ನಾಲ್ಕು ವಾರವಾಯಿತು. ಸ್ಟೆರ್ನಾ ಚೊಚ್ಚಲು ಕರು ಹಾಕಿದಾಗ ಒದ್ದದ್ದು. ಅಡುಗೆಮನೆಯ ಪಕ್ಕದಲ್ಲೇ ಅವನಿಗೆ ಹಾಸಿಗೆ ಹಾಕಿಕೊಟ್ಟಿದ್ದೇನೆ. ಕಾಲು ಮುರಿದರೂ ಬಾಯಿ ಗಟ್ಟಿಯಾಗಿಯೇ ಇದೆ. ಕೊಟ್ಟಿಗೆ, ಗಾಡಿ, ಹಂದಿ, ಗಂಡ ಎಲ್ಲವೂ ನನ್ನ ಮೇಲೆ.

ಕ್ಯಾನು ತೊಳೆದ ಮೊದಲ ನೀರನ್ನು ಮಗಳು ಸಿಗ್ನೆ ಅಂಗಳಕ್ಕೆ ಚೆಲ್ಲಿಬಿಟ್ಟಳು. ಬೆಳ್ಳಗಿನ ನೀರು, ಅರ್ಧ ಹಾಲೇ. ಹಂದಿಗೆ ಹಾಕಬಾರದಿತ್ತೇ ಎಂದು ಕಿವಿ ಹಿಂಡಿದೆ. ಒಂಬತ್ತು ವರ್ಷವಾಯಿತು, ಇನ್ನು ಯಾವಾಗ ಕಲಿಯುತ್ತಾಳೆ? ಆಮೇಲೆ ಪಾಪ ಎನ್ನಿಸಿ ಪಾತ್ರೆಯ ಅಂಚಿನ ಕೆನೆ ಬಳಿದು ಬಾಯಿಗಿಟ್ಟೆ.

ಇಷ್ಟು ಹಾಲಿದ್ದೂ ಆ ಹುಡುಗಿಯ ಕಾಲಿಗೆ ಶೂ ಇಲ್ಲ. ನಾವು ಹೆಚ್ಚು ಕರೆದಷ್ಟೂ ಬೆಲೆ ಇಳಿಯುತ್ತದೆ. ಡೈರಿಯವರು ಕೊಡುವುದು ಹಿಂಡಿಗೂ ಸಾಲದು. ಬೆಲೆ ಏರಿಸುವ ತನಕ ಇಡೀ ವಿಸ್ಕಾನ್ಸಿನ್ನಿನಲ್ಲಿ ಹಾಲು ನಿಲ್ಲಿಸುವ ಮಾತು ನಡೆದಿದೆ. ಚರ್ಚಿನ ನೆಲಮನೆಯಲ್ಲಿ ಇವತ್ತು ಕೈ ಎತ್ತಿಸಿದರು. ಎಲ್ಲರೂ ಎತ್ತಿದರು, ನನ್ನ ಅಣ್ಣ ಐವಿಂಡ್ ಒಬ್ಬನನ್ನು ಬಿಟ್ಟು.

ಮೇ ೧೨, ಶುಕ್ರವಾರ

ಬೆಳಿಗ್ಗೆ ಹಾಲು ಹಾಕಲು ಅಣ್ಣನ ಚೀಸು ಮನೆಗೆ ಹೋದಾಗ ಗಾಡಿಗಳ ಸಾಲೇ ನಿಂತಿತ್ತು. ಯಾರೂ ಕ್ಯಾನು ಇಳಿಸುತ್ತಿರಲಿಲ್ಲ. ಬಾಗಿಲಲ್ಲಿ ಓಸ್ಮುಂಡ್ ಬಾಕ್ಕೆ ಕೈ ಕಟ್ಟಿಕೊಂಡು ನಿಂತಿದ್ದ. ನಮ್ಮ ಭಾಗದ ಮುಷ್ಕರಕ್ಕೆ ಅವನೇ ಮುಂದಾಳು.

“ನಾಳೆಯಿಂದ ಬಾಗಿಲು ಹಾಕ್ಬಿಡು ಐವಿಂಡ್. ಒಂದು ವಾರ ನಿದ್ದೆ ಮಾಡು. ಹೆಂಡ್ತಿಗೂ ನಿನ್ನ ಮುಖ ಗುರುತು ಸಿಗ್ಲಿ.”

ಜನ ನಕ್ಕರು. ಅಣ್ಣನೂ ನಕ್ಕ. ಆಮೇಲೆ ಹೇಳಿದ, “ನೀನು ಮುಷ್ಕರ ಮಾಡ್ತೀಯ, ಸರಿ. ನಿನ್ನ ಹಸು ಮಾಡುತ್ತೇನೋ? ಅದು ಕೆಚ್ಚಲು ತುಂಬ್ಕೊಂಡು ನಿಂತ್ರೆ ನೀನು ಕರೀಲೇಬೇಕು. ಕರೆದಿದ್ದು ನನ್ನ ಬಾಗಿಲಿಗೆ ಬಂದ್ರೆ ನಾನು ತಗೊಳ್ಳಲೇಬೇಕು. ನಮ್ಮಪ್ಪ ಈ ಮನೆ ಕಟ್ಟಿದ ದಿನದಿಂದ ಒಳ್ಳೆ ಹಾಲನ್ನ ಇಲ್ಲಿಂದ ವಾಪಸ್ ಕಳಿಸಿಲ್ಲ.”

“ಮಾಡಿದ ಚೀಸು ಯಾರಿಗೆ ಮಾರ್ತೀಯೋ?”

“ಮಾರಲ್ಲ. ಟೌನಿಗೆ ಪುಕ್ಕಟೆ ಕೊಡ್ತೀನಿ. ಕಾಗದದ ಕಾರ್ಖಾನೆ ಮುಚ್ಚಿದ ಮೇಲೆ ಅಲ್ಲಿ ಜನ ಬರೀ ಆಲೂಗಡ್ಡೆ ಬೇಯಿಸ್ಕೊಂಡು ತಿಂತಿದಾರೆ.”

“ಇವತ್ತು ಪುಕ್ಕಟೆ ತಿಂದೋನು ನಾಳೆ ದುಡ್ಡು ಕೊಟ್ಟು ತಿಂತಾನೇನು? ನಮ್ಮ ಹೊಟ್ಟೆ ಮೇಲೆ ಹೊಡೆದು ಪುಣ್ಯ ಕಟ್ಕೋಬೇಡ!”

ಅಣ್ಣ ಹೇಳಿದ್ದೂ ಸರಿ ಎನ್ನಿಸಿತು, ಓಸ್ಮುಂಡ್ ಹೇಳಿದ್ದೂ ಸರಿ ಎನ್ನಿಸಿತು. ನನ್ನ ಬುದ್ಧಿಯೇ ಹೀಗೆ, ಕೊನೆಗೆ ಮಾತಾಡಿದವರ ಪಕ್ಷ. ಆದರೆ ಭಯ ಮಾತ್ರ ಒಂದೇ. ಅಣ್ಣ ಬಾಗಿಲು ಹಾಕದಿದ್ದರೆ ಇವರು ಅವನನ್ನು ಸುಮ್ಮನೆ ಬಿಡುವುದಿಲ್ಲ. ಅಮ್ಮ ತೀರಿಕೊಂಡಾಗ ನನಗೆ ಹತ್ತು ವರ್ಷ. ತಲೆ ಬಾಚಿ, ಊಟ ಹಾಕಿ, ಮದುವೆ ಮಾಡಿ ಕಳಿಸಿದವನು ಅವನು. ಅವನಿಗೆ ಏನಾದರೂ ಆದರೆ ನಾನು ಬದುಕುವುದಿಲ್ಲ.

ಹಾಲಿನ ಲಾರಿ ತಡೆಯಲು ಮನೆಗೊಬ್ಬರು ದಾರಿ ಕಾವಲಿಗೆ ಬರಬೇಕಂತೆ. ಟೋರ್ಕೆಲ್ ಹಾಸಿಗೆಯಿಂದಲೇ ಗುಡುಗಿದ, “ನನ್ನ ಹೊತ್ಕೊಂಡು ಹೋಗಿ ದಾರಿ ಮಧ್ಯ ಮಲಗಿಸ್ರೋ! ನನ್ನ ಮೇಲೆ ಯಾವ ಲಾರಿ ಹತ್ತುತ್ತೋ ನೋಡೇಬಿಡೋಣ.” ಅವನ ಬದಲು ನಾನು ಹೋಗುತ್ತೇನೆಂದು ಹೆಸರು ಕೊಟ್ಟೆ. ಅಲ್ಲಿ ನಾನೇ ನಿಂತಿದ್ದರೆ ಅಣ್ಣನ ಮೈಮೇಲೆ ಯಾರೂ ಕೈ ಮಾಡಲಾರರು.

ಮೇ ೧೩, ಶನಿವಾರ

ಬೆಳಿಗ್ಗೆ ಏಳಕ್ಕೆ ನಾಲ್ಕು ದಾರಿ ಕೂಡುವಲ್ಲಿ ಮರದ ದಿಮ್ಮಿ ಅಡ್ಡ ಹಾಕಿ ನಿಂತೆವು. ಅಲ್ಲಿಂದ ಚೀಸು ಮನೆಯ ಬಾಗಿಲು, ಚಿಮಣಿ ಎರಡೂ ಕಾಣುತ್ತವೆ. ನಾನು ಒಯ್ದದ್ದು ಕಾಫಿ ಪಾತ್ರೆ ಮತ್ತು ಒಂದು ಬುಟ್ಟಿ ಆಲೂಗಡ್ಡೆ ರೊಟ್ಟಿ.

ಮೊದಲ ಲಾರಿ ಕೆರೆಯ ಆಚೆ ಕಡೆಯದು. ಇಪ್ಪತ್ತು ಕ್ಯಾನು. ಡ್ರೈವರನನ್ನು ಕೆಳಗಿಳಿಸಿ ಅವನ ಟೋಪಿ ಅವನ ಕೈಗೇ ಕೊಟ್ಟು ಮರ್ಯಾದೆಯಾಗಿ ಪಕ್ಕಕ್ಕೆ ನಿಲ್ಲಿಸಿದರು. ಒಂದೊಂದೇ ಕ್ಯಾನಿನ ಮುಚ್ಚಳ ತೆಗೆದು ಚರಂಡಿಗೆ ಮಗುಚಿದರು. ಹಾಲು ಮೊದಲು ಮಣ್ಣಿನಲ್ಲಿ ಇಂಗಿತು, ಆಮೇಲೆ ಇಂಗಲಾರದೆ ನಿಂತಿತು, ಆಮೇಲೆ ಹರಿಯಿತು. ಇನ್ನೂ ಬೆಚ್ಚಗಿತ್ತು, ಹಬೆ ಏಳುತ್ತಿತ್ತು. ಯಾರದ್ದೋ ನಾಯಿ ನೆಕ್ಕಿ ನೆಕ್ಕಿ ಸಾಕಾಗಿ ಅದರಲ್ಲೇ ಮಲಗಿತು.

ನನಗೆ ತಡೆಯಲಾಗಲಿಲ್ಲ. ಕಾಫಿ ಪಾತ್ರೆ ಬರಿದು ಮಾಡಿ ಕೊನೆಯ ಕ್ಯಾನಿನಿಂದ ಒಂದಿಷ್ಟು ಹಿಡಿದುಕೊಳ್ಳಲು ಹೋದೆ. ಓಸ್ಮುಂಡ್ ಮೆಲ್ಲಗೆ ಪಾತ್ರೆ ಕಿತ್ತುಕೊಂಡ. “ಬೇಡ ತಂಗಿ. ಒಬ್ಬರು ಹಿಡಿದ್ರೆ ಎಲ್ಲರೂ ಹಿಡೀತಾರೆ.” ನಾನು ಅತ್ತೆ. ನಾಚಿಕೆಯಿಲ್ಲದೆ ಎಲ್ಲರೆದುರು ಅತ್ತೆ. “ಅಳ್ಬೇಡ, ಉಪ್ಪು ಬಿದ್ರೆ ಹಾಲು ಒಡೆಯುತ್ತೆ” ಎಂದು ಅವನು ಹೆಗಲು ತಟ್ಟಿದ.

ಮನೆಯ ಹಾಲಿನಲ್ಲಿ ಕೆನೆ ತೆಗೆದು ಬೆಣ್ಣೆ ಕಡೆದೆ. ಉಳಿದದ್ದು ಹಂದಿಗೆ. ಹಂದಿಗಳೂ ಮುಖ ತಿರುಗಿಸಿದವು. ಮೂರು ಕ್ಯಾನು ಕೊಟ್ಟಿಗೆ ಹಿಂದೆ ಚೆಲ್ಲುವಾಗ ಕಣ್ಣು ಮುಚ್ಚಿಕೊಂಡೆ. ದೇವರೇ, ಕ್ಷಮಿಸು.

ಮೇ ೧೪, ಭಾನುವಾರ

ಅಣ್ಣನ ಚಿಮಣಿಯಲ್ಲಿ ಹೊಗೆ. ನಾಲ್ಕು ಮನೆಯವರು ಹಿಂದಿನ ಹೊಲದ ದಾರಿಯಲ್ಲಿ ಹಾಲು ತಂದು ಹಾಕಿದ್ದಾರೆ. ಚರ್ಚಿನಲ್ಲಿ ಅಣ್ಣನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ನಾನು ಹೋಗಿ ಓಲೀನಾ ಅತ್ತಿಗೆಯ ಪಕ್ಕ ಕುಳಿತೆ. ಅವಳು ನನ್ನ ಕೈ ಹಿಡಿದುಕೊಂಡಳು, ಪ್ರಾರ್ಥನೆ ಮುಗಿಯುವವರೆಗೂ ಬಿಡಲಿಲ್ಲ.

ಹೊರಗೆ ಬಂದ ಮೇಲೆ ಅಣ್ಣನಿಗೆ ಕೈ ಮುಗಿದು ಹೇಳಿದೆ, “ನಾಲ್ಕು ದಿನ ಒಲೆ ಆರಿಸು ಅಣ್ಣ.”

“ನೀನು ಆ ದಾರೀಲಿ ನಿಲ್ಲೋದು ಬಿಡು, ನಾನು ಆರಿಸ್ತೀನಿ.”

“ನಾನು ನಿಂತಿರೋದೇ ನಿನಗೋಸ್ಕರ.”

“ನನಗೋಸ್ಕರ ಯಾರೂ ದೊಣ್ಣೆ ಹಿಡ್ಕೊಂಡು ನಿಲ್ಲೋದು ಬೇಡ ಕಣೇ. ದೊಣ್ಣೆಗೆ ತಂಗಿ ಗೊತ್ತಿಲ್ಲ, ಅಣ್ಣ ಗೊತ್ತಿಲ್ಲ.”

ದೊಣ್ಣೆ ಎಲ್ಲಿದೆ? ನನ್ನ ಕೈಯಲ್ಲಿದ್ದದ್ದು ಕಾಫಿ ಪಾತ್ರೆ. ಅವನಿಗೆ ಎಲ್ಲವನ್ನೂ ದೊಡ್ಡದು ಮಾಡುವ ಚಟ.

ಮೇ ೧೫, ಸೋಮವಾರ

ಇವತ್ತು ಹೊಡೆದಾಟ. ಷೆರೀಫನ ಪೊಲೀಸು ಆಳುಗಳು ಮೂರು ಲಾರಿ ಹಾಲಿಗೆ ಕಾವಲಾಗಿ ಬಂದರು. ದಿಮ್ಮಿ ಎಳೆದು ಹಾಕಿದರು. ನಾವು ಮೊಳೆ ಹೊಡೆದ ಹಲಗೆ ಎಸೆದೆವು. ಮೊದಲ ಲಾರಿಯ ಟೈರು ಸಿಡಿಯಿತು. ಆ ಸದ್ದಿಗೆ ಎರಡೂ ಕಡೆಯವರಿಗೆ ಹುಚ್ಚು ಹಿಡಿಯಿತು.

ನೀಲ್ಸ್ ಮುದುಕ ಪಕ್ಕದಲ್ಲಿ ಸುಮ್ಮನೆ ನಿಂತಿದ್ದ. ಎಪ್ಪತ್ತು ವರ್ಷ, ಒಂದು ಕಿವಿ ಕೇಳುವುದಿಲ್ಲ. “ಪಕ್ಕಕ್ಕೆ ಸರಿ” ಎಂದದ್ದು ಅವನಿಗೆ ಕೇಳಲಿಲ್ಲ. ಒಬ್ಬ ಆಳು ಅವನ ಬಾಯಿಗೆ ದೊಣ್ಣೆಯಿಂದ ಹೊಡೆದ. ಹಲ್ಲು ನೆಲಕ್ಕೆ ಬಿದ್ದವು. ಮುದುಕ ಕುಕ್ಕರಗಾಲಲ್ಲಿ ಕುಳಿತು ಮಣ್ಣಿನಲ್ಲಿ ಅವನ್ನು ಹುಡುಕತೊಡಗಿದ. ಅವನು ಹುಡುಕುತ್ತಿದ್ದಾಗಲೇ ಆ ಆಳು ಬೆನ್ನಿಗೆ ಇನ್ನೊಂದು ಬಾರಿಸಿದ.

ಕೊಡಲಿಯ ಕಾವು, ಬರೀ ಮರದ ಹಿಡಿ, ನನ್ನ ಕೈಗೆ ಹೇಗೆ ಬಂತೋ ಗೊತ್ತಿಲ್ಲ. ಆ ಆಳಿನ ಕಿವಿಯ ಹಿಂದೆ ಹೊಡೆದೆ. ತೇವದ ಕಟ್ಟಿಗೆ ಸೀಳಿದಂಥ ಸದ್ದು. ಅವನು ನನ್ನತ್ತ ತಿರುಗಿ ನೋಡಿದ, ಹುಡುಗ, ಮೀಸೆ ಸರಿಯಾಗಿ ಬಂದಿಲ್ಲ. ಆಮೇಲೆ ಮಂಡಿಯೂರಿದ. ನಮ್ಮವರು ಅವನನ್ನು ತುಳಿದುಕೊಂಡೇ ಲಾರಿಯತ್ತ ಓಡಿದರು.

ಮನೆಗೆ ಬಂದು ಮೂರು ಸಲ ಕೈ ತೊಳೆದೆ. ಊಟ ಸೇರಲಿಲ್ಲ. ಟೋರ್ಕೆಲ್ ಎಲ್ಲವನ್ನೂ ಎರಡೆರಡು ಸಲ ಹೇಳಿಸಿಕೊಂಡು, “ನನ್ನ ಹೆಂಡ್ತಿ ಕಣ್ರೋ!” ಎಂದು ಗೋಡೆಗೆ ಹೇಳಿ ನಕ್ಕ. ಆ ಹುಡುಗ ಬದುಕಿದ್ದಾನಂತೆ. ಬದುಕಿರಲಿ ಎಂದು ಪ್ರಾರ್ಥಿಸಿದೆ.

ಮೇ ೧೬, ಮಂಗಳವಾರ

ಆರು ಲಾರಿ. ನೂರ ಹನ್ನೆರಡು ಕ್ಯಾನು. ಸೈನ್ಯದ ಹುಡುಗರು ಬಂದೂಕಿನ ತುದಿಗೆ ಬಯೊನೆಟ್ ಸಿಕ್ಕಿಸಿಕೊಂಡು ಬಂದಿದ್ದಾರೆ. ಕಣ್ಣು ಉರಿಸುವ ಹೊಗೆ ಬಿಟ್ಟರು. ಅವರ ಹೊಗೆ ಡಬ್ಬಗಳನ್ನೇ ಹೆಕ್ಕಿ ಅವರತ್ತ ಎಸೆದೆವು. ಒಂದು ನಾನೂ ಎಸೆದೆ. ಅಂಗೈ ಸುಟ್ಟಿತು, ಆದರೂ ಗುರಿ ತಪ್ಪಲಿಲ್ಲ. ಒಬ್ಬನ ತೊಡೆಗೆ ಬಯೊನೆಟ್ ಚುಚ್ಚಿದ್ದಾರೆ, ನಮ್ಮವನೇ.

ಚೆಲ್ಲುವುದಕ್ಕೂ ಒಂದು ಕೈಚಳಕ ಬೇಕು. ಮಗುಚುತ್ತ ಕೂತರೆ ಹೊತ್ತು ಹೋಗುತ್ತದೆ. ಮುಚ್ಚಳ ತೆಗೆದು ಕಾಲಿನಿಂದ ಒದ್ದರೆ ಕ್ಯಾನು ತಾನೇ ಉರುಳಿಕೊಂಡು ಹೋಗಿ ಖಾಲಿಯಾಗುತ್ತದೆ. ಹುಡುಗರಿಗೆ ನಾನೇ ತೋರಿಸಿಕೊಟ್ಟೆ. ಆ ಗಡಗಡ ಸದ್ದು ಕೇಳಲು ಚೆಂದ.

ಒಂದು ಹಸುವಿಗೆ ಕೆಚ್ಚಲು ಬಾವು ಬಂದಿದೆಯೆಂದು ಸಿಗ್ನೆ ಅಳುತ್ತಿದ್ದಳು. ನಾಳೆ ನೋಡಿದರಾಯಿತು.

ಮೇ ೧೭, ಬುಧವಾರ

ಇವತ್ತು ನಾರ್ವೆಯ ದಿನ. ಹದಿನೇಳನೇ ಮೇ ಕೆನೆಯಂಬಲಿ ಇಲ್ಲದೆ ಕಳೆದರೆ ನಾವೆಂಥ ನಾರ್ವೆಯವರು? ಓಸ್ಮುಂಡ್ ಹೇಳಿದ, “ಹಾಲು ದಾರಿ ದಾಟಬಾರದು ಅಂತ ತಾನೇ ಕಟ್ಟಳೆ? ನಮ್ಮ ಹೊಟ್ಟೆಗೆ ಇಳಿಯೋದನ್ನ ಯಾರು ಬೇಡ ಅಂದ್ರು?” ಬಟ್ಟೆ ಕುದಿಸುವ ದೊಡ್ಡ ಹಂಡೆ ತಂದು ದಾರಿಯ ಪಕ್ಕದಲ್ಲೇ ಒಲೆ ಹೂಡಿದೆವು. ಒಂದು ಕ್ಯಾನು ತುಂಬ ಹುಳಿ ಕೆನೆ, ಹಿಟ್ಟು, ಉಪ್ಪು. ಮಗುಚುವ ಸೌಟು ನನ್ನ ಕೈಯಲ್ಲಿ. ತುಪ್ಪ ಬಿಟ್ಟುಕೊಂಡು ಮೇಲೆ ನಿಂತಿತು, ಅದರ ಮೇಲೆ ಸಕ್ಕರೆ, ದಾಲ್ಚಿನ್ನಿ. ಸೈನ್ಯದ ಹುಡುಗರು ಆಚೆ ಬದಿಯಲ್ಲಿ ನಿಂತು ಉಗುಳು ನುಂಗುತ್ತಿದ್ದರು. ಅವರಲ್ಲಿ ನಮ್ಮ ಭಾಷೆಯವರೂ ಇದ್ದರು. ನೀಲ್ಸ್ ಮುದುಕ ಹಲ್ಲಿಲ್ಲದ ಬಾಯಲ್ಲಿ ಎರಡು ಬಟ್ಟಲು ತಿಂದು, “ಇದಕ್ಕೆ ಹಲ್ಲು ಬೇಕಿಲ್ಲ ನೋಡ್ರಪ್ಪ” ಎಂದ. ಎಷ್ಟು ನಕ್ಕೆವೆಂದರೆ ಹೊಟ್ಟೆ ಹಿಡಿದುಕೊಂಡೆವು.

ಆಗ ಟೌನಿನ ಹೆಂಗಸರು ಬಂದರು. ಹತ್ತು ಹನ್ನೆರಡು ಜನ, ಆರು ಮೈಲಿ ನಡೆದು ಬಂದಿದ್ದರು. ಕೈಯಲ್ಲಿ ಗಾಜಿನ ಜಾಡಿ, ತಂಬಿಗೆ, ಒಬ್ಬಳ ಕೈಯಲ್ಲಿ ಹೂದಾನಿ. ಚೆಲ್ಲುವ ಬದಲು ನಮಗೆ ಕೊಡಿ ಎಂದರು. ಮುಂದಿದ್ದವಳು ಎಳೆ ಬಾಣಂತಿ, ಕುಪ್ಪಸ ಒಣಗಿಕೊಂಡಿತ್ತು. “ಒಂದು ಜಾಡಿ ಅಕ್ಕ. ಮಗೂಗೆ ನನ್ನತ್ರ ಇಲ್ಲ” ಎಂದು ನನ್ನನ್ನೇ ಕೇಳಿದಳು, ಸೌಟು ನನ್ನ ಕೈಯಲ್ಲಿತ್ತಲ್ಲ.

ಎಲ್ಲರೂ ನನ್ನ ಮುಖ ನೋಡಿದರು. ಒಬ್ಬಳಿಗೆ ಕೊಟ್ಟರೆ ನಾಳೆ ನೂರು ಜನ ಬರುತ್ತಾರೆ. ಐದು ದಿನ ಏಟು ತಿಂದದ್ದು ನೀರಲ್ಲಿ ಹೋಮ. “ನಿನ್ನ ಗಂಡನಿಗೆ ಹೇಳು, ಡೈರಿಯವರ ಬಾಗಿಲು ಬಡಿಯೋಕೆ” ಎಂದೆ. ಅವಳು ಹೋಗಲಿಲ್ಲ. ಜಾಡಿಯನ್ನು ನನ್ನ ಮುಖದ ಮುಂದೆ ಹಿಡಿದು ನಿಂತೇ ಇದ್ದಳು. ಸೌಟಿನಿಂದ ಜಾಡಿಗೆ ಒಂದು ಹೊಡೆದೆ. ಒಡೆದುಹೋಯಿತು. ಅವಳ ಕೈ ಕೊಯ್ದುಕೊಂಡಿತು, ಸ್ವಲ್ಪವೇ. ಬಿಸಿ ಅಂಬಲಿ ಸೌಟಿನಿಂದ ಅವಳ ತೋಳಿಗೂ ಸಿಡಿಯಿತು.

ಹಿಂದೆ ತಿರುಗಿದ ಹೆಂಗಸರು ಅಣ್ಣನ ಚೀಸು ಮನೆಯತ್ತ ಹೋದರು. ನಾವು ನೋಡುತ್ತಲೇ ಇದ್ದೆವು. ಅವನು ಬಾಗಿಲಿಗೆ ಬಂದು ಅವರಿಗೆ ಚೀಸು ತುಂಡು ಮಾಡಿ ಹಂಚಿದ, ಜಾಡಿ ತುಂಬಿಸಿ ಕಳಿಸಿದ. ನಮ್ಮ ಕಣ್ಣೆದುರೇ! ನಾನು ಕೆಟ್ಟವಳಾಗಬೇಕು, ಅವನು ಒಳ್ಳೆಯವನಾಗಬೇಕು. ಮೊದಲಿನಿಂದಲೂ ಅವನದು ಇದೇ.

“ನಿನ್ನಣ್ಣ ಹಾಲಿನಲ್ಲಿ ಹುಳಿ ಹಿಂಡ್ತಿದಾನೆ ತಂಗಿ” ಎಂದ ಓಸ್ಮುಂಡ್.

“ನಾಳೆ ನಾನೇ ಹೋಗ್ತೀನಿ” ಎಂದೆ.

ಅಂಬಲಿ ಹಂಡೆಯ ತಳದಲ್ಲಿ ಇನ್ನೂ ಉಳಿದಿತ್ತು. ಯಾರಿಗೂ ಬೇಕಾಗಲಿಲ್ಲ.

ಮೇ ೧೮, ಗುರುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹತ್ತು ಗಂಟೆಗೆ ಮೂವತ್ತು ಜನ ಅಣ್ಣನ ಅಂಗಳ ಹೊಕ್ಕೆವು. ಒಳಗಿನಿಂದ ಅಗುಳಿ ಹಾಕಿತ್ತು. “ನೀನು ಕರೆದ್ರೆ ತೆಗೀತಾನೆ” ಎಂದು ಓಸ್ಮುಂಡ್ ಹೇಳಿದ. ನನ್ನ ಒಂದು ಕೈಯಲ್ಲಿ ಸೋಮವಾರದ ಕೊಡಲಿ ಕಾವಿತ್ತು, ಇನ್ನೊಂದಕ್ಕೆ ಸೀಮೆಎಣ್ಣೆ ಡಬ್ಬ ಕೊಟ್ಟ. ಚೀಸು ಮಾಡುವ ತೊಟ್ಟಿಗೆ ಸುರಿದರೆ ಆಯಿತು, ಹಾಲು ಯಾರಿಗೂ ಬಾರದ ಹಾಗಾಗುತ್ತದೆ. ಯಾರಿಗೂ ಏಟಿಲ್ಲ, ಗಾಯವಿಲ್ಲ. ನಾನು ಕರೆದೆ. ಅವನು ತೆಗೆದ, ನನ್ನೊಬ್ಬಳನ್ನು ಒಳಗೆ ಎಳೆದುಕೊಂಡು ಮತ್ತೆ ಅಗುಳಿ ಹಾಕಿದ.

ಒಳಗೆ ತೊಟ್ಟಿ ತುಂಬ ಹಾಲು, ಅಲುಗಾಡದೆ ನಿಂತಿತ್ತು. ಅವನು ಬೆರಳು ತುಟಿಗಿಟ್ಟ. “ಹೆಪ್ಪು ಹಾಕಿ ಕಾಲು ಗಂಟೆ ಆಯ್ತು. ಮೆಲ್ಲಗೆ ನಡಿ, ನೆಲ ಅದುರಿದ್ರೆ ಕೆಡುತ್ತೆ.” ಹೊರಗೆ ಮೂವತ್ತು ಜನ ಬಾಗಿಲು ಗುದ್ದುತ್ತಿದ್ದಾರೆ, ಇವನಿಗೆ ಹೆಪ್ಪಿನ ಚಿಂತೆ!

ಡಬ್ಬ ಕಂಡ ಮೇಲೆ ತೊಟ್ಟಿಯ ಅಂಚಿಗೆ ಎರಡೂ ಕೈ ಇಟ್ಟು ಅಡ್ಡ ನಿಂತ.

“ಆಚೆ ಸರಿ ಅಣ್ಣ.”

“ಇದನ್ನ ನಿನ್ನೆ ಬಂದಿದ್ರಲ್ಲ, ಅವರಿಗೆ ಮಾತು ಕೊಟ್ಟಿದೀನಿ ಕಣೇ. ಆ ಹುಡುಗಿ ಕೈಗೆ ಬಟ್ಟೆ ಕಟ್ಟಿದ್ದು ನಾನು. ಯಾರು ಹೊಡೆದ್ರು ಅಂತ ಕೇಳ್ದೆ. ಅಂಬಲಿ ಮಗುಚ್ತಿದ್ದ ಹೆಂಗಸು ಅಂದ್ಳು.” ಆಮೇಲೆ ನನ್ನನ್ನು ನೋಡಿಕೊಂಡು ಹೇಳಿದ, “ನೀನಲ್ಲ ಅಂತ ಹೇಳು ಹೆಲ್ಗಾ.”

ಕೊಡಲಿಯ ಕಾವಿನಿಂದ ಅವನ ಬೆರಳ ಮೇಲೆ ಹೊಡೆದೆ. ಮೊದಲ ಏಟಿಗೇ ಕೈ ತೆಗೆಯಬಹುದಿತ್ತು. ತೆಗೆಯಲಿಲ್ಲ, ಅದಕ್ಕೇ ಎರಡನೆಯದು. ಡಬ್ಬ ಎತ್ತಿದೆ, ಅವನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡ, ಎಳೆದಾಟದಲ್ಲಿ ಅದು ನೆಲಕ್ಕೆ ಬಿತ್ತು. ಎಣ್ಣೆ ನೆಲದ ನೀರಿನ ಮೇಲೆ ಹರಡಿ ಮೋರಿಗಿಳಿಯಿತು. ಆ ಮೋರಿ ಬಾಯ್ಲರ್ ಕೋಣೆಯ ಒಲೆಬಾಯಿಯ ಮುಂದೆ ಹಾದುಹೋಗುತ್ತದೆ. ಮದುವೆಯಾಗುವ ತನಕ ಆ ನೆಲವನ್ನು ದಿನಾ ತೊಳೆದವಳು ನಾನೇ. ಆಗ ನೆನಪಾಗಲಿಲ್ಲ. ನೆನಪಾಗಲಿಲ್ಲವೆಂದೇ ನನಗನ್ನಿಸುತ್ತದೆ.

ಬೆಂಕಿ ಮೋರಿಯ ಮೇಲೆ ನಮ್ಮತ್ತ ಓಡಿ ಬಂತು. ಅಣ್ಣ ಅಗುಳಿ ತೆಗೆದು ನನ್ನನ್ನು ಬಾಗಿಲಿನಿಂದ ಹೊರಗೆ ನೂಕಿದ. ತಾನು ಹೊರಗೆ ಬರಲಿಲ್ಲ, ಬಾಯ್ಲರ್ ಕೋಣೆಗೆ ಹೋದ. ಉಗಿ ಬಿಡದಿದ್ದರೆ ಅದು ಸಿಡಿದು ಅಂಗಳದಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ ಎಂದು ಆಮೇಲೆ ಓಸ್ಮುಂಡ್ ಹೇಳಿದ. ಉಗಿ ಸಿಳ್ಳೆ ಹಾಕಿದ್ದು ನನಗೂ ಕೇಳಿಸಿತು. ಅದರ ಜೊತೆಗೇ ಅಣ್ಣ ಕೂಗಿಕೊಂಡದ್ದೂ ಕೇಳಿಸಿತು.

ನೀಲ್ಸ್ ಮುದುಕ ಒದ್ದೆ ಗೋಣಿ ಹೊದ್ದು ಹೋಗಿ ಅವನನ್ನು ಎಳೆದು ತಂದ. ಕೈಗಳ ಚರ್ಮ ಮೊಣಕೈವರೆಗೆ ಕೈಗವಸಿನ ಹಾಗೆ ಜೋತಿತ್ತು. ಪಕ್ಕದಲ್ಲೇ ಇದ್ದ ತಮ್ಮ ಮನೆಯಿಂದ ಓಲೀನಾ ಐದು ಮಕ್ಕಳ ಜೊತೆ ಓಡಿ ಬಂದಳು. ಅವನನ್ನು ನೋಡಿದಳು. ಆಮೇಲೆ ನನ್ನನ್ನು, ನನ್ನ ಕೈಯಲ್ಲಿದ್ದ ಕಾವನ್ನು.

ಉಗ್ರಾಣದಲ್ಲಿದ್ದ ಮೂರು ತಿಂಗಳ ಚೀಸು ಕರಗಿ ಮೆಟ್ಟಿಲು ಇಳಿದು ಅಂಗಳಕ್ಕೆ ಬಂತು. ನಮ್ಮ ಶೂಗಳಿಗೆಲ್ಲ ಅಂಟಿಕೊಂಡಿತು. ಕೆರೆದು ತೆಗೆಯುವುದರಲ್ಲಿ ಸಾಕಾಯಿತು.

ಮೇ ೧೯, ಶುಕ್ರವಾರ

ಮುಷ್ಕರ ಮುಗಿಯಿತಂತೆ. ಬೆಲೆ ಇದ್ದಲ್ಲೇ ಇದೆ.

ಮೇ ೨೧, ಭಾನುವಾರ

ಚೀಸು ಮನೆ ಇಲ್ಲ. ಇನ್ನೊಂದು ಇರುವುದು ಹದಿನೆಂಟು ಮೈಲಿ ಆಚೆ, ಅವರ ತೊಟ್ಟಿಗಳು ತುಂಬಿವೆಯಂತೆ, ಹೊಸಬರ ಹಾಲು ಬೇಡವಂತೆ. ಈಗ ದಾರಿಯಲ್ಲಿ ಕಾವಲಿಲ್ಲ, ಸೈನ್ಯವಿಲ್ಲ, ತಡೆಯುವವರೇ ಇಲ್ಲ. ಆದರೂ ಬೆಳಿಗ್ಗೆ ಎದ್ದು ಎಲ್ಲರೂ ಅವರವರ ಮನೆ ಮುಂದೆ ಅವರವರ ಹಾಲನ್ನು ಚೆಲ್ಲುತ್ತಿದ್ದೇವೆ. ಚರಂಡಿಯೆಲ್ಲ ಹುಳಿ ನಾತ, ನೊಣ.

ಟೋರ್ಕೆಲ್ ಕೋಲೂರಿಕೊಂಡು ಓಡಾಡುತ್ತಾನೆ. ಇವತ್ತು ಕೇಳಿದ, “ಡಬ್ಬ ಹೇಗೆ ಬಿತ್ತು?”

“ಜಾರ್ತು.”

“ಅವನ ಬೆರಳೂ ಜಾರಿ ಮುರೀತಾ?”

“ನೀನೇ ತಾನೇ ಕುಣಿದಿದ್ದು, ನನ್ನ ಹೆಂಡ್ತಿ ಕಣ್ರೋ ಅಂತ?” ಎಂದೆ. ಅವನು ಎದ್ದು ಕೊಟ್ಟಿಗೆಯತ್ತ ಹೋದ. ಇತ್ತೀಚೆಗೆ ಊಟದ ತಟ್ಟೆಯನ್ನು ಸಿಗ್ನೆ ಕೈಯಲ್ಲೇ ತರಿಸಿಕೊಳ್ಳುತ್ತಾನೆ, ಮಲಗುವಾಗ ಕೋಲನ್ನು ಪಕ್ಕದಲ್ಲೇ ಇಟ್ಟುಕೊಳ್ಳುತ್ತಾನೆ. ನೋವಿನಿಂದ ಬುದ್ಧಿ ಮಂಕಾಗಿರಬೇಕು. ನನಗೂ ಒಂದು ಕೆಲಸ ಕಡಿಮೆಯಾಯಿತು.

ಮೇ ೨೩, ಮಂಗಳವಾರ

ಟೌನಿನ ಆಸ್ಪತ್ರೆಗೆ ಹೋಗಿದ್ದೆ. ಅಣ್ಣನ ಎಡಗೈಯನ್ನು ಮಣಿಕಟ್ಟಿನ ಹತ್ತಿರ ತೆಗೆದಿದ್ದಾರೆ. ಬಲಗೈ ಉಳಿಯಬಹುದು, ಬೆರಳು ಮಡಚಲು ಬಾರದು. ಹಾಸಿಗೆಯ ಪಕ್ಕದಲ್ಲಿ ಷೆರೀಫ್ ಕುಳಿತಿದ್ದ.

“ಮತ್ತೊಂದು ಸಲ ಕೇಳ್ತೀನಿ. ಎಣ್ಣೆ ಸುರಿದೋರು ಯಾರು?”

“ನಾನೇ ಬೀಳಿಸಿದ್ದು” ಎಂದ ಅಣ್ಣ. “ದೀಪಕ್ಕೆ ತುಂಬ್ಸೋವಾಗ.”

“ಹತ್ತು ಗಂಟೆ ಹಗಲಲ್ಲಿ ದೀಪಾನಾ?”

“ನನಗೆ ಕಣ್ಣು ಮಂಜು.”

ಷೆರೀಫ್ ನನ್ನನ್ನು ಒಮ್ಮೆ ನೋಡಿ ಎದ್ದುಹೋದ. ನಾನು ಅಣ್ಣನ ಕಾಲು ಹಿಡಿದು ಅಳುತ್ತೇನೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಅಳು ಬರಲಿಲ್ಲ. ಬಂದದ್ದು ಸಿಟ್ಟು. ಯಾರು ಕೇಳಿದ್ದರು ಇವನನ್ನು ಸುಳ್ಳು ಹೇಳಲು? ಹೆಸರು ಹೇಳಿದ್ದರೆ ಜೈಲಿಗೆ ಹೋಗಿ ಬರುತ್ತಿದ್ದೆ, ಲೆಕ್ಕ ಚುಕ್ತಾ ಆಗುತ್ತಿತ್ತು. ಈಗ ಸಾಯುವ ತನಕ ಅವನೇ ಮೇಲೆ, ನಾನೇ ಕೆಳಗೆ.

“ಡಾಗ್ರೋಸ್ ಹೇಗಿದಾಳೆ?” ಎಂದು ಕೇಳಿದ.

ತಕ್ಷಣ ಯಾರೆಂದು ಹೊಳೆಯಲಿಲ್ಲ. “ಎಲ್ಲ ಹಸುಗಳೂ ಕರೀತಿವೆ” ಎಂದೆ.

“ಮಕ್ಕಳನ್ನ ನೋಡ್ಕೋ ಕಣೇ. ಊರಿನ ಹಾಲೆಲ್ಲ ಬಾಗಿಲಿಗೆ ಬರ್ತಿತ್ತು ಅಂತ ನಾವು ಹಸುವನ್ನೇ ಕಟ್ಲಿಲ್ಲ. ಚಿಕ್ಕದಕ್ಕೆ ಇನ್ನೂ ಎರಡು ವರ್ಷ ತುಂಬಿಲ್ಲ. ಓಲೀನಾ ತಾನಾಗಿ ಬಂದು ಕೇಳೋಳಲ್ಲ.”

“ನೋಡ್ಕೋತೀನಿ.”

ಹೊರಗೆ ಓಸ್ಮುಂಡ್ ಕಾಯುತ್ತಿದ್ದ. ಅಕ್ಟೋಬರಿನಲ್ಲಿ ಮತ್ತೆ ಮುಷ್ಕರವಂತೆ. “ಈ ಸಲ ನೀನು ಬರೋದು ಬೇಡ ತಂಗಿ. ನಿನಗೆ ಆದದ್ದು ಸಾಕು” ಎಂದ. ನಾನು ಬರುತ್ತೇನೆಂದು ಹೆಸರು ಬರೆಸಿದೆ.

ಮೇ ೨೫, ಗುರುವಾರ

ಬೆಳಿಗ್ಗೆ ಕರೆದು ಮುಗಿಸುವಷ್ಟರಲ್ಲಿ ಓಲೀನಾ ಬಂದಳು. ಮೂರು ಮೈಲಿ ನಡೆದು ಬಂದಿದ್ದಾಳೆ. ಮನೆ ಬಾಗಿಲಿಗೆ ಬರಲಿಲ್ಲ. ಬೇಲಿಯ ಹತ್ತಿರ ನಿಂತು ಸಿಗ್ನೆಯನ್ನು ಮೆಲ್ಲಗೆ ಕರೆದು ಬಕೆಟ್ಟು ಕೊಟ್ಟಳು. ಸಿಗ್ನೆ ತಂದು ನನ್ನ ಮುಂದಿಟ್ಟಳು. ಅಣ್ಣನಿಗೆ ಮಾತು ಕೊಟ್ಟಿದ್ದೆ. ಆಗಷ್ಟೇ ಕರೆದ ಹಾಲನ್ನು ಕಂಠದವರೆಗೆ ತುಂಬಿಸಿ, ಮೇಲೆ ಕೆನೆಯನ್ನೂ ಹಾಕಿ, ಬೇಲಿಯ ತನಕ ನಾನೇ ಒಯ್ದೆ.

ಅವಳು ಕೈ ಚಾಚಿದವಳು ಹಿಂದೆ ಎಳೆದುಕೊಂಡಳು.

“ತುಂಬಿದ್ದು ಸಿಗ್ನೆ ಅಲ್ವಾ?”

“ನಾನೇ. ಯಾಕೆ, ನನ್ನ ಕೈಯಿಂದ ಮುಟ್ಟಿದ್ರೆ ಹಾಲು ಒಡೆಯುತ್ತಾ?”

ಅವಳು ತಿರುಗಿದಳು. ನೀಲ್ಸ್ ಮುದುಕನ ಮನೆಯ ದಾರಿ ಹಿಡಿದಳು, ಅದು ಇನ್ನೂ ಎರಡು ಮೈಲಿ. ಬಕೆಟ್ಟು ಬಿಟ್ಟೇ ಹೋದಳು. ಅಲ್ಲಿ ಯಾವುದರಲ್ಲಿ ಹಾಲು ಇಸಿದುಕೊಳ್ಳುತ್ತಾಳೋ.

“ಮಕ್ಕಳು ಹಸ್ಕೊಂಡಿರ್ತಾವೆ ಅತ್ತಿಗೆ!” ಎಂದು ಕೂಗಿದೆ.

“ಹೂಂ. ಹಸ್ಕೊಂಡಿದಾವೆ” ಎಂದಳು. ನಿಲ್ಲಲಿಲ್ಲ.

ಎಂಥ ಸೊಕ್ಕು! ಮನೆಯಲ್ಲಿ ಐದು ಬಾಯಿ ಇಟ್ಟುಕೊಂಡು ಇಂಥ ಸೊಕ್ಕು. ಸಿಗ್ನೆ ಬಕೆಟ್ಟಿನ ಹಿಡಿಗೆ ಕೈ ಹಾಕಿ, “ನಾನು ಓಡಿಹೋಗಿ ಕೊಟ್ಟು ಬರ್ತೀನಿ ಅಮ್ಮ, ನನ್ನ ಕೈಯಿಂದ ತಗೋತಾರೆ” ಎಂದಳು. ತಗೊಳ್ಳುತ್ತಿದ್ದಳೇನೋ. ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬಕೆಟ್ಟನ್ನು ಚರಂಡಿಗೆ ಮಗುಚಿದೆ, ತಳ ತಟ್ಟಿ. ಓಲೀನಾ ತಿರುವಿನಲ್ಲಿ ನಿಂತು ನೋಡುತ್ತಿದ್ದಳು. ನೋಡಲಿ ಎಂದೇ ಮಗುಚಿದ್ದು.

ಹುಲ್ಲು ಈಗ ಮೊಣಕಾಲುದ್ದ ಬಂದಿದೆ. ಸಂಜೆ ಹಸುಗಳು ಇನ್ನೂ ಹೆಚ್ಚು ಹಾಲು ಕೊಡುತ್ತವೆ.